ಮೊಟ್ಟೆ ಟ್ರೇ, ಬಿಸ್ಕೆಟ್ ಬಾಕ್ಸ್, ಹಾಲಿನ ಕವರ್... ನಿಮ್ಮ ಅಂಗಡಿ ಕಸದಲ್ಲೇ ಇದೆ ಅಂಗನವಾಡಿ ಪಾಠ!

ತಿ.ನರಸೀಪುರ: ರಾತ್ರಿ ಅಂಗಡಿ ಬಾಗಿಲು ಎಳೆಯೋ ಹೊತ್ತಿಗೆ ಪ್ರತಿ ಅಂಗಡಿ ಮುಂದೆ ಒಂದು ರಾಶಿ ಬಿದ್ದಿರುತ್ತೆ. ಬಿಸ್ಕೆಟ್ ಬಾಕ್ಸ್, ಸೋಪಿನ ರಟ್ಟು, ಮೊಟ್ಟೆ ಟ್ರೇ, ದಾರದ ಉರುಳೆ, ಬಟ್ಟೆ ಚೂರು. ಸ್ವಲ್ಪ ಗುಜರಿಗೆ ಹೋಗುತ್ತೆ, ಸ್ವಲ್ಪ ಪುರಸಭೆ ಗಾಡಿಗೆ, ಉಳಿದಿದ್ದಕ್ಕೆ ಕೆಲವರು ಬೆಂಕಿ ಹಚ್ಚುತ್ತಾರೆ. ಆ ರಾಶಿಯನ್ನು ಸರಿಯಾಗಿ ಆರಿಸಿದ್ರೆ ಅಂಗನವಾಡಿಯಲ್ಲಿ ಎಣಿಕೆ, ಅಕ್ಷರ, ಬಣ್ಣ, ಆಕಾರ ಎಲ್ಲ ಕಲಿಸೋಕೆ ಬೇಕಾದ ಸಾಮಾನಿನ ದೊಡ್ಡ ಭಾಗ ಅದರಲ್ಲೇ ಸಿಗುತ್ತೆ.

ಹಾಗಂತ ಸಿಕ್ಕಿದ್ದೆಲ್ಲ ತಗೊಂಡು ಹೋಗಿ ಅಂಗನವಾಡಿ ಬಾಗಿಲಲ್ಲಿ ಸುರಿದು ಬರೋ ಹಾಗಿಲ್ಲ. ಯಾವುದು ಕೊಡಬೇಕು, ಯಾವುದು ಯಾವ ಕಾರಣಕ್ಕೂ ಕೊಡಬಾರದು, ಕೊಟ್ಟಿದ್ದು ಮಗುವಿಗೆ ಏನು ಕಲಿಸುತ್ತೆ ಅನ್ನೋದನ್ನ ಒಂದೊಂದಾಗಿ ನೋಡೋಣ.

ಶುರುವಾಗಿದ್ದೇ ನಮ್ಮ ತಾಲೂಕಿಂದ

ಇದು ನಮ್ಮೂರಿನವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಂಗನವಾಡಿ ನಡೆಸೋ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನ ಕೇಂದ್ರ ಸರ್ಕಾರ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರು ಮಾಡಿತು. ಕರ್ನಾಟಕದಲ್ಲಿ ಮೊದಲು ಬಂದಿದ್ದು ನಮ್ಮ ತಿ.ನರಸೀಪುರಕ್ಕೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿ ಇವೆ. ಇನ್ನು ಸರ್ಕಾರಿ ಶಾಲೆಗಳ ‘ನಲಿ ಕಲಿ’ ಪದ್ಧತಿ 1995ರಲ್ಲಿ ಹುಟ್ಟಿದ್ದು ನಮ್ಮದೇ ಜಿಲ್ಲೆಯ ಎಚ್.ಡಿ.ಕೋಟೆಯಲ್ಲಿ. ಚಿಕ್ಕ ಮಕ್ಕಳಿಗೆ ಆಟದ ಮೂಲಕ ಪಾಠ ಹೇಳೋ ವಿಚಾರದಲ್ಲಿ ಮೈಸೂರು ಜಿಲ್ಲೆ ಹಳೇ ಪಂಟ ಅಂತಾನೇ ಹೇಳಬೇಕು.

ಆದ್ರೂ ಇವತ್ತು ಅಂಗನವಾಡಿ ಅಂದ್ರೆ ‘ಊಟ ಹಾಕೋ ಜಾಗ’ ಅನ್ನೋ ಮಾತೇ ಜಾಸ್ತಿ. ಮೂರು ವರ್ಷ ತುಂಬ್ತಾ ಇದ್ದ ಹಾಗೆ ಸಾಲ ಮಾಡಿಯಾದ್ರೂ ಕಾನ್ವೆಂಟಿಗೆ ಸೇರಿಸೋರು ಕಮ್ಮಿ ಇಲ್ಲ. ‘ಅಲ್ಲಿ ಎಬಿಸಿಡಿ ಬರೆಸ್ತಾರೆ, ಇಲ್ಲಿ ಬರೀ ಆಟ’ ಅನ್ನೋದು ದೂರು. ಮಕ್ಕಳು ಖಾಲಿ ಆದ್ರೆ ಅಂಗನವಾಡಿಯೂ ಖಾಲಿ. ದುಡ್ಡಿಲ್ಲದ ಮನೆಯ ಮಕ್ಕಳಿಗೆ ಇರೋದೇ ಅದೊಂದು ಜಾಗ.

ಇಲಾಖೆಯಿಂದ ಆಟಿಕೆ ಕಿಟ್ ಬರುತ್ತೆ, ಇಲ್ಲ ಅಂತಲ್ಲ. ರಾಜ್ಯದ ಅಂಗನವಾಡಿಗಳಲ್ಲಿ ‘ಚಿಲಿಪಿಲಿ’ ಅನ್ನೋ ಚಟುವಟಿಕೆ ಪಠ್ಯ ಕೂಡ ಇದೆ. ಆದ್ರೆ ಚಿಕ್ಕ ಮಕ್ಕಳ ಕೈಗೆ ಕೊಟ್ಟಿದ್ದು ಎಷ್ಟು ದಿನ ಉಳಿಯುತ್ತೆ ಹೇಳಿ? ಒಂದು ಬ್ಲಾಕ್ ಕಳೆದ್ರೆ ಆ ಸೆಟ್ ಕಥೆ ಮುಗೀತು. ಅದೇ ಭಯಕ್ಕೆ ಕಿಟ್ ಬೀರು ಒಳಗೇ ಉಳಿಯೋದೂ ಉಂಟು. ಬಿಸ್ಕೆಟ್ ಬಾಕ್ಸಿಗೆ ಆ ಭಯ ಇಲ್ಲ. ಹರಿದ್ರೆ ನಾಳೆ ಇನ್ನೊಂದು.

‘ಬರೀ ಆಟ’ ಅನ್ನೋರಿಗೆ ಒಂದು ಮಾತು

ನಮ್ಮ ಮಣಿಕಟ್ಟಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟಿದಾಗ ಅವು ಮೂಳೆಯೇ ಅಲ್ಲ, ಮೃದ್ವಸ್ಥಿ. ಕಿವಿಯ ಮೇಲ್ಭಾಗ ಮುಟ್ಟಿ ನೋಡಿಕೊಳ್ಳಿ, ಹೆಚ್ಚುಕಮ್ಮಿ ಆ ಥರ ಮೆತ್ತಗೆ. ಒಂದೊಂದಾಗಿ ಗಟ್ಟಿಯಾಗ್ತಾ ಹೋಗೋಕೆ ವರ್ಷಗಳೇ ಬೇಕು. ಮೂರು, ನಾಲ್ಕು ವರ್ಷದ ಮಗುವಿನ ಕೈಯಲ್ಲಿ ಆ ಕೆಲಸ ಅರ್ಧವೂ ಮುಗಿದಿರಲ್ಲ. ಬೆರಳಿನ ಸಣ್ಣ ಸ್ನಾಯುಗಳಿಗೂ ಇನ್ನೂ ಬಲ ಬಂದಿರಲ್ಲ. ಅಂಥ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಗೆರೆ ಪುಸ್ತಕದಲ್ಲಿ ಪುಟಗಟ್ಟಲೆ ಬರೆಸಿದ್ರೆ ಕೈ ನೋವು ಬರುತ್ತೆ, ಪೆನ್ಸಿಲ್ ಮುಷ್ಟಿಯಲ್ಲಿ ಹಿಡಿಯೋ ಅಭ್ಯಾಸ ಆಗುತ್ತೆ, ಬರೆಯೋದು ಅಂದ್ರೆ ಓಡಿ ಹೋಗೋ ಹಾಗಾಗುತ್ತೆ.

ಹಿಟ್ಟು ನಾದೋದು, ಕಾಗದ ಹರಿಯೋದು, ಬಟ್ಟೆ ಕ್ಲಿಪ್ ಒತ್ತೋದು, ದಾರ ಪೋಣಿಸೋದು, ಇವೆಲ್ಲ ಬರೆಯೋಕೆ ಮುಂಚಿನ ಕಸರತ್ತು. ಗರಡಿ ಮನೆಯಲ್ಲಿ ಮೊದಲ ದಿನವೇ ಕುಸ್ತಿಗೆ ಬಿಡ್ತಾರಾ? ಸಾಮು ಮಾಡಿಸ್ತಾರೆ ತಾನೇ? ಇದೂ ಅಷ್ಟೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನದ್ದನ್ನ ಬುನಾದಿ ಹಂತ ಅಂತ ಕರೆದು, ಆಟದ ಮೂಲಕವೇ ಕಲಿಕೆ ಆಗಬೇಕು ಅಂದಿದೆ. ಈ ವಿಚಾರ ಹೊಸದೂ ಅಲ್ಲ. ‘ಕಿಂಡರ್‌ಗಾರ್ಟನ್’ ಪದ್ಧತಿ ಹುಟ್ಟುಹಾಕಿದ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಕೆಲಸ ಶುರು ಮಾಡಿದಾಗ ಮಕ್ಕಳ ಕೈಗೆ ಕೊಟ್ಟಿದ್ದು ಉಣ್ಣೆ ದಾರದ ಚೆಂಡು, ಮರದ ಗುಂಡು, ಮರದ ಘನ. ನಮ್ಮ ದೇಶದಲ್ಲೇ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ, ಸೈಕಲ್ ಟ್ಯೂಬಿನ ವಾಲ್ವ್ ಟ್ಯೂಬ್, ಹಳೇ ಕಾಗದ ಇಟ್ಕೊಂಡು ನೂರಾರು ಆಟಿಕೆ ಮಾಡಿ ತೋರಿಸಿದ್ದಾರೆ. ಕಸದಿಂದ ಆಟಿಕೆ ಮಾಡೋ ಈ ಕೆಲಸಕ್ಕೆ ಹೆಸರಾದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಯಾವ ಅಂಗಡಿಯಿಂದ ಏನು? ಅದರಿಂದ ಏನು ಕಲಿಕೆ?

ಮೊಟ್ಟೆ ಅಂಗಡಿ: 30 ಗುಳಿಯ ಟ್ರೇ

ಮೊಟ್ಟೆ ಟ್ರೇಯಲ್ಲಿ ಒಂದು ಕಡೆ 5, ಇನ್ನೊಂದು ಕಡೆ 6, ಒಟ್ಟು 30 ಗುಳಿ. ಎರಡೆರಡು ಸಾಲಿಗೆ ಕತ್ತರಿಸಿದ್ರೆ 3 ತುಂಡು ಆಗುತ್ತೆ, ಒಂದೊಂದರಲ್ಲೂ ಸರಿಯಾಗಿ 10 ಗುಳಿ. ಮೇಲೆ ಐದು, ಕೆಳಗೆ ಐದು. ಮಗು 7 ಗುಳಿಗೆ ಒಂದೊಂದು ಕಾಗದದ ಉಂಡೆ ಇಟ್ಟರೆ, 3 ಖಾಲಿ ಇರೋದು ಕಣ್ಣಿಗೇ ಕಾಣುತ್ತೆ. ‘ಹತ್ತಾಗೋಕೆ ಇನ್ನೆಷ್ಟು ಬೇಕು?’ ಅಂತ ಕೇಳಿದ್ರೆ ಬೆರಳಿಟ್ಟು ಎಣಿಸಿ ಹೇಳುತ್ತೆ. ಒಂದರಿಂದ ನೂರರವರೆಗೆ ಬಾಯಿಪಾಠ ಒಪ್ಪಿಸೋ ಎಷ್ಟೋ ಮಕ್ಕಳಿಗೆ ‘ಐದು ತಾ’ ಅಂದ್ರೆ ತರೋಕೆ ಬರಲ್ಲ. ಒಂದು ಗುಳಿಗೆ ಒಂದೇ ಉಂಡೆ ಅನ್ನೋ ಆಟ ಆ ಕೊರತೆ ನೀಗಿಸುತ್ತೆ.

ಏಳೇಳು ಗುಳಿಯ ಎರಡು ಸಾಲು ಜೋಡಿಸಿದ್ರೆ ನಮ್ಮ ಅಳಗುಳಿ ಮಣೆ ರೆಡಿ. ಅಜ್ಜಿಯರನ್ನ ಒಂದು ದಿನ ಕರೆಸಿ ಆಡಿಸಿದ್ರೆ ಇನ್ನೂ ಚೆಂದ.

ಗಮನಿಸಿ: ಮೊಟ್ಟೆ ಒಡೆದು ಅಂಟಿಕೊಂಡಿರೋ ಟ್ರೇ ಬೇಡವೇ ಬೇಡ, ಅದರಲ್ಲಿ ರೋಗಾಣು ಇರಬಹುದು. ಸ್ವಚ್ಛ ಇರೋದನ್ನೂ ಚೆನ್ನಾಗಿ ಬಿಸಿಲಿಗೆ ಹಾಕಿ ಕೊಡಿ. ಆಟ ಮುಗಿದ ಮೇಲೆ ಮಕ್ಕಳ ಕೈ ಸೋಪಲ್ಲಿ ತೊಳೆಸಬೇಕು.

ಕಿರಾಣಿ ಅಂಗಡಿ: ಖಾಲಿ ಪ್ಯಾಕೆಟ್, ರಟ್ಟಿನ ಬಾಕ್ಸ್

ಅಕ್ಷರ ಬಾರದ ಮಗು ಕೂಡ ನಂದಿನಿ ಹಾಲಿನ ಕವರ್ ನೋಡಿ ‘ನಂದಿನಿ’ ಅನ್ನುತ್ತೆ. ಓದಿ ಹೇಳಿದ್ದಲ್ಲ, ಬಣ್ಣ, ಚಿತ್ರ ನೋಡಿ ಗುರುತು ಹಿಡಿದಿದ್ದು. ಅಲ್ಲಿಂದಲೇ ಓದು ಶುರು. ಕವರ್ ತೊಳೆದು ಒಣಗಿಸಿ, ಹೆಸರಿರೋ ಭಾಗ ಕತ್ತರಿಸಿ ರಟ್ಟಿಗೆ ಅಂಟಿಸಿ. ‘ನಂದಿನಿ’ಯಲ್ಲಿ ‘ನ’ ಎರಡು ಸಲ ಬರುತ್ತೆ: ಒಂದಕ್ಕೆ ಸೊನ್ನೆ ಸೇರಿ ‘ನಂ’, ಇನ್ನೊಂದಕ್ಕೆ ಗುಡಿಸು ಸೇರಿ ‘ನಿ’. ಎರಡನ್ನೂ ತೋರಿಸಿ ‘ಎಲ್ಲಿದೆ ನ?’ ಅಂತ ಕೇಳಿ. ಮನೆಯಲ್ಲಿ ದಿನಾ ನೋಡೋ ಹೆಸರು ಆಗಿರೋದ್ರಿಂದ ಬೇಗ ಹಿಡಿಯುತ್ತೆ.

ಇನ್ನು ಅಂಗಡಿ ಆಟ. ನಾಲ್ಕು ಬಾಕ್ಸ್ ಅಡ್ಡ ಇಟ್ರೆ ಗಲ್ಲಾ ಪೆಟ್ಟಿಗೆ, ಖಾಲಿ ಟೀಪುಡಿ ಪ್ಯಾಕೆಟ್, ಸೋಪಿನ ರಟ್ಟು, ಬೇಳೆ ಚೀಟಿ ಇಟ್ರೆ ಕಿರಾಣಿ. ಒಬ್ಬ ಮಾರೋನು, ಒಬ್ಬಳು ಕೊಳ್ಳೋಳು. ‘ಎರಡು ಸೋಪು ಕೊಡಿ’, ‘ಚಿಲ್ಲರೆ ಇಲ್ಲಮ್ಮ’ ಅಂತ ಮಾತು ಶುರುವಾಗುತ್ತೆ. ಮನೆಯಲ್ಲಿ ಬಾಯಿ ಬಿಡದ ಮಗು ಅಂಗಡಿಯವನಾದ ಕೂಡಲೇ ಮಾತಾಡುತ್ತೆ. ಸರದಿ ಕಾಯೋದು, ಎಣಿಸೋದು, ಭಾರ ಹಗುರ ನೋಡೋದು ಎಲ್ಲ ಒಂದೇ ಆಟದಲ್ಲಿ ಬಂತು.

ದೊಡ್ಡ ಬಾಕ್ಸ್ ಇದ್ರೆ ಎರಡೂ ಕಡೆ ಬಾಯಿ ತೆಗೆದು ಸಾಲಾಗಿ ಇಟ್ಟು ರೈಲು ಮಾಡಬಹುದು. ‘ಒಳಗೆ, ಹೊರಗೆ, ಮುಂದೆ, ಹಿಂದೆ’ ಅನ್ನೋ ಪದಗಳು ತೆವಳಿಕೊಂಡು ಹೋದಾಗ ಅರ್ಥ ಆಗೋ ಹಾಗೆ ಪುಸ್ತಕದಲ್ಲಿ ಆಗಲ್ಲ. ಬಾಕ್ಸ್ ಕೊಡೋ ಮುಂಚೆ ಸ್ಟೇಪ್ಲರ್ ಪಿನ್, ಪ್ಲಾಸ್ಟಿಕ್ ಪಟ್ಟಿ ಕಿತ್ತು ಕೊಡಿ, ಅಷ್ಟು ಸಾಕು.

ಟೈಲರ್, ಬಟ್ಟೆ ಅಂಗಡಿ: ಚೂರು ಬಟ್ಟೆ, ಉರುಳೆ, ಶರ್ಟಿನ ರಟ್ಟು

ರೇಷ್ಮೆ, ಹತ್ತಿ, ಉಣ್ಣೆ, ಜೀನ್ಸ್. ಪ್ರತಿಯೊಂದರಲ್ಲೂ ಅಂಗೈ ಅಗಲದ ಎರಡೆರಡು ಚೂರು ಕತ್ತರಿಸಿ ಒಂದು ಕೈಚೀಲಕ್ಕೆ ಹಾಕಿ. ಮಗು ನೋಡದೆ ಕೈ ಹಾಕಿ, ಮುಟ್ಟಿಯೇ ಜೋಡಿ ಹುಡುಕಬೇಕು. ನುಣುಪು, ಒರಟು, ದಪ್ಪ, ತೆಳು ಅನ್ನೋ ಪದಗಳು ಬೆರಳಿಗೇ ಗೊತ್ತಾಗ್ತವೆ.

ಹೊಸ ಶರ್ಟ್ ಒಳಗೆ ಬರೋ ರಟ್ಟಿಗೆ ಅಂಚಲ್ಲಿ ತೂತು ಹಾಕಿ, ಒಂದು ಹಳೇ ಶೂ ಲೇಸ್ ಕೊಡಿ. ಒಂದು ತೂತಲ್ಲಿ ಹಾಕಿ ಇನ್ನೊಂದರಲ್ಲಿ ತೆಗೆಯೋದು. ಲೇಸಿನ ತುದಿ ಗಟ್ಟಿ ಇರೋದ್ರಿಂದ ಸೂಜಿ ಬೇಕಾಗಿಲ್ಲ. ಕಣ್ಣು, ಕೈ ಒಟ್ಟಿಗೆ ಕೆಲಸ ಮಾಡೋದನ್ನ ಇದಕ್ಕಿಂತ ಚೆನ್ನಾಗಿ ಕಲಿಸೋ ಆಟ ಕಮ್ಮಿ. ದಾರ ಮುಗಿದ ದೊಡ್ಡ ಉರುಳೆಗಳನ್ನ ಒಂದರ ಮೇಲೊಂದು ಪೇರಿಸಬಹುದು, ಬಣ್ಣದಲ್ಲಿ ಅದ್ದಿ ಕಾಗದಕ್ಕೆ ಒತ್ತಿದ್ರೆ ದುಂಡು ಅಚ್ಚು ಮೂಡುತ್ತೆ.

ಪ್ರಿಂಟಿಂಗ್ ಪ್ರೆಸ್: ಕತ್ತರಿಸಿ ಬಿಟ್ಟ ಕಾಗದ, ಮದುವೆ ಲಗ್ನಪತ್ರಿಕೆ

ಮದುವೆ ಸೀಸನ್ ಮುಗಿದ ಮೇಲೆ ಮನೆಯಲ್ಲಿ ಲಗ್ನಪತ್ರಿಕೆ ಕಂತೆ ಉಳಿಯುತ್ತೆ. ಗಣಪತಿ ಚಿತ್ರ ಇದೆ ಅಂತ ಎಸೆಯೋಕೂ ಮನಸ್ಸು ಬರಲ್ಲ. ಚಿತ್ರ ಇರೋ ಗಟ್ಟಿ ಹಾಳೆಯನ್ನ ಮೂರು ವರ್ಷದವರಿಗೆ 2 ತುಂಡು, ನಾಲ್ಕು ವರ್ಷದವರಿಗೆ 4, ಐದು ದಾಟಿದವರಿಗೆ 6 ತುಂಡು ಮಾಡಿ ಜೋಡಿಸೋಕೆ ಕೊಡಿ. ಹಳೇ ಕ್ಯಾಲೆಂಡರಿನ ದಪ್ಪ ಅಂಕಿಗಳನ್ನ ಕತ್ತರಿಸಿದ್ರೆ ಸಂಖ್ಯೆ ಕಾರ್ಡ್ ರೆಡಿ. ಪ್ರೆಸ್‌ನಲ್ಲಿ ಕತ್ತರಿಸಿ ಬಿಟ್ಟ ಬಣ್ಣದ ಕಾಗದದ ಪಟ್ಟಿಯನ್ನ ಚಾಪೆ ಥರ ಹೆಣೆಯಬಹುದು: ಒಂದು ಮೇಲೆ, ಒಂದು ಕೆಳಗೆ.

ಹೋಟೆಲ್, ಮನೆ: ತೆಂಗಿನ ಚಿಪ್ಪು, ಬಟ್ಟೆ ಕ್ಲಿಪ್, ಹಿಟ್ಟು

ತೆಂಗಿನ ಚಿಪ್ಪಿನ ಅಂಚು ಉಜ್ಜಿ ನುಣ್ಣಗೆ ಮಾಡಿದ್ರೆ ಅಳತೆ ಪಾತ್ರೆ. ಸಣ್ಣ ಚಿಪ್ಪಲ್ಲಿ ಎಷ್ಟು ಸಲ ಮರಳು ಹಾಕಿದ್ರೆ ದೊಡ್ಡ ಡಬ್ಬಿ ತುಂಬುತ್ತೆ? ಮಗು ಮೊದಲು ಊಹೆ ಮಾಡಿ ಹೇಳಲಿ, ಆಮೇಲೆ ಹಾಕಿ ನೋಡಲಿ. ಎರಡು ಚಿಪ್ಪು ಬೋರಲು ಹಾಕಿ ಬಡಿದ್ರೆ ಕುದುರೆ ಓಟದ ಸದ್ದು. ಆಟ ಮುಗಿದ ಮೇಲೆ ಹೊರಗೆ ಬಿಡಬೇಡಿ, ಮಳೆ ನೀರು ನಿಂತು ಡೆಂಗಿ ಸೊಳ್ಳೆ ಮರಿ ಮಾಡುತ್ತೆ.

ಬಟ್ಟೆ ಒಣಹಾಕೋ ಕ್ಲಿಪ್ ಒತ್ತಿ ತೆಗೆಯೋಕೆ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಬೇಕು. ಪೆನ್ಸಿಲ್ ಹಿಡಿಯೋದೂ ಅದೇ ಮೂರು ಬೆರಳಲ್ಲಿ. ರಟ್ಟಿನ ಅಂಚಿಗೆ 1ರಿಂದ 5 ಅಂಕಿ ಬರೆದು, ಅಷ್ಟಷ್ಟು ಕ್ಲಿಪ್ ಹಾಕಿಸಿದ್ರೆ ಕೈಗೂ ಕೆಲಸ, ಲೆಕ್ಕಕ್ಕೂ ಕೆಲಸ.

ಆಟದ ಹಿಟ್ಟಿಗೆ ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಒಂದು ಚಮಚ ಎಣ್ಣೆ, ನಾದೋಕೆ ಬೇಕಾದಷ್ಟು ನೀರು. ಅರಿಶಿನ ಹಾಕಿದ್ರೆ ಹಳದಿ, ಬೀಟ್‌ರೂಟ್ ರಸಕ್ಕೆ ಕೆಂಪು, ಪಾಲಕ್ ರಸಕ್ಕೆ ಹಸಿರು. ಉಪ್ಪು ಇರೋದ್ರಿಂದ ಕೆಲವು ದಿನ ಕೆಡಲ್ಲ. ಆದ್ರೆ ಅದೇ ಉಪ್ಪು ಜಾಸ್ತಿ ಹೊಟ್ಟೆಗೆ ಹೋದ್ರೆ ಚಿಕ್ಕ ಮಕ್ಕಳಿಗೆ ಅಪಾಯ, ಬಾಯಿಗೆ ಹಾಕದ ಹಾಗೆ ನೋಡ್ಕೋಬೇಕು.

ತಟ್ಟೆಯಲ್ಲಿ ತೆಳ್ಳಗೆ ಮರಳು ಹರಡಿ ಬೆರಳಲ್ಲಿ ಅಕ್ಷರ ತಿದ್ದಿಸೋದಂತೂ ನಮ್ಮ ಹಿರಿಯರು ಮಠದಲ್ಲಿ ಕಲಿತ ಪದ್ಧತಿಯೇ. ತಪ್ಪಾದ್ರೆ ಕೈಯಾಡಿಸಿದ್ರೆ ಆಯ್ತು. ಕೆಂಪು ಇಂಕಿನ ಗೀಟು ಇಲ್ಲ, ಬೈಗುಳ ಇಲ್ಲ. ತಲಕಾಡು ಇರೋ ತಾಲೂಕಲ್ಲಿ ಮರಳಿಗೇನು ಬರ! ಜರಡಿ ಹಿಡಿದು, ತೊಳೆದು, ಒಣಗಿಸಿ ಬಳಸಿದ್ರೆ ಸಾಕು.

ಬಡಗಿ ಅಂಗಡಿ: ಮರದ ತುಂಡು

ಕುಯ್ದು ಬಿಟ್ಟ ಮರದ ತುಂಡುಗಳಿಗೆ ಉಪ್ಪುಕಾಗದ ಹಾಕಿ ಸಿಬರು ಹೋಗೋ ಹಾಗೆ ಉಜ್ಜಿ ಕೊಟ್ರೆ, ಅಂಗಡಿಯ ಬ್ಲಾಕ್ಸ್ ಸೆಟ್‌ಗಿಂತ ಏನೂ ಕಮ್ಮಿ ಇಲ್ಲ. ಎಲ್ಲ ಒಂದೇ ಅಳತೆ ಇರಬೇಕಿಲ್ಲ. ಬೇರೆ ಬೇರೆ ಅಳತೆ ಇದ್ರೇನೇ ಯಾವುದು ಕೆಳಗೆ, ಯಾವುದು ಮೇಲೆ ಅಂತ ಮಗು ತಲೆ ಓಡಿಸೋದು. ಪಾಲಿಶ್, ಪೇಂಟ್ ಹಚ್ಚಿದ ತುಂಡು ಬೇಡ.

ಇವು ಮಾತ್ರ ಬೇಡ: ದಯವಿಟ್ಟು ಪೂರ್ತಿ ಓದಿ

ಒಳ್ಳೇ ಮನಸ್ಸಿಂದ ಕೊಟ್ಟ ವಸ್ತುವೇ ಮಗುವಿನ ಪ್ರಾಣಕ್ಕೆ ಕುತ್ತು ತರಬಹುದು.

* ಗುಲಗಂಜಿ: ನಮ್ಮೂರಿನ ದೇವರೇ ಗುಂಜಾ ನರಸಿಂಹಸ್ವಾಮಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅನ್ನೋದು ನಮ್ಮ ಹೆಮ್ಮೆ. ಆದ್ರೆ ಆ ಕೆಂಪು ಕಪ್ಪು ಬೀಜದೊಳಗೆ ಇರೋದು ಭಯಂಕರ ವಿಷ. ಅಗಿದ್ರೆ, ತೂತು ಮಾಡಿದ್ದು ಹೊಟ್ಟೆಗೆ ಹೋದ್ರೆ ಪ್ರಾಣಕ್ಕೇ ಅಪಾಯ. ನೋಡೋಕೆ ಮುದ್ದಾಗಿದೆ ಅಂತ ಎಣಿಕೆಗೆ, ಸರ ಪೋಣಿಸೋಕೆ ಕೊಡಲೇಬೇಡಿ. ಹರಳು ಬೀಜವೂ ಅಷ್ಟೇ ವಿಷ.
* ಬಿತ್ತನೆ ಬೀಜ: ಗೊಬ್ಬರದ ಅಂಗಡಿಯಲ್ಲಿ ಉಳಿದ ಗುಲಾಬಿ, ನೀಲಿ ಬಣ್ಣದ ಜೋಳ, ಭತ್ತಕ್ಕೆ ಔಷಧಿ ಲೇಪಿಸಿರ್ತಾರೆ. ಬಣ್ಣ ಚೆನ್ನಾಗಿದೆ ಅಂತ ಕೊಡಬೇಡಿ. ಕ್ರಿಮಿನಾಶಕದ ಬಾಟಲಿ, ಡಬ್ಬಿ, ಅದು ಬಂದ ರಟ್ಟಿನ ಬಾಕ್ಸ್, ಎಷ್ಟೇ ತೊಳೆದಿದ್ರೂ ಬೇಡ.
* ಬಟನ್ ಸೆಲ್: ವಾಚು, ರಿಮೋಟ್, ಸದ್ದು ಮಾಡೋ ಆಟಿಕೆಯಲ್ಲಿರೋ ಗುಂಡು ಬ್ಯಾಟರಿ ನುಂಗಿದ್ರೆ ಎರಡು ಗಂಟೆಯೊಳಗೇ ಅನ್ನನಾಳ ಸುಡೋಕೆ ಶುರುವಾಗಬಹುದು. ಮೊಬೈಲ್ ಅಂಗಡಿಯವರು ರಟ್ಟಿನ ಬಾಕ್ಸ್ ಕೊಡಿ, ಬೇರೆ ಏನೂ ಬೇಡ.
* ಮೆಡಿಕಲ್ ಅಂಗಡಿ: ಮಾತ್ರೆಯ ಸ್ಟ್ರಿಪ್, ಸಿರಪ್ ಬಾಟಲಿ, ಸಿರಿಂಜ್ ಬೇಡ. ಖಾಲಿ ಸ್ಟ್ರಿಪ್ಪಲ್ಲಿ ಆಟ ಆಡಿದ ಮಗು ಮನೆಯಲ್ಲಿ ತುಂಬಿದ ಸ್ಟ್ರಿಪ್ ಬಿಡುತ್ತಾ?
* ಬಲೂನ್, ಥರ್ಮಾಕೋಲ್, ತೆಳು ಪ್ಲಾಸ್ಟಿಕ್ ಕವರ್: ಒಡೆದ ಬಲೂನಿನ ಚೂರು ಗಂಟಲಿಗೆ ಅಂಟಿದ್ರೆ ಉಸಿರೇ ನಿಲ್ಲುತ್ತೆ. ಹಾಲಿನ ಕವರ್ ಕೂಡ ರಟ್ಟಿಗೆ ಅಂಟಿಸಿದ ಮೇಲೇ ಮಕ್ಕಳ ಕೈಗೆ ಕೊಡಬೇಕು.
* ಒಡೆದ ಬಳೆ, ಸೋಡಾ ಬಿರಡೆ, ಡಬ್ಬಿ ತಗಡು: ಅಂಚು ಕುಯ್ಯುತ್ತೆ.

ಚಿಕ್ಕ ವಸ್ತುಗಳಿಗೆ ಒಂದು ಸುಲಭ ಪರೀಕ್ಷೆ ಇದೆ. ಆಟಿಕೆ ಸುರಕ್ಷತೆ ಪರೀಕ್ಷೆಯಲ್ಲಿ ಬಳಸೋ ಕೊಳವೆಯ ಅಗಲ ಸುಮಾರು 3.17 ಸೆಂ.ಮೀ., ಅಂದ್ರೆ ಒಂದೂಕಾಲು ಇಂಚು. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೂಕಾಲು ಇಂಚಿನ ಪೈಪ್ ತುಂಡು ಸಿಗುತ್ತೆ, ಒಂದು ಗೇಣು ಸಾಕು. ಅದರೊಳಗೆ ಜಾರಿ ಹೋಗೋ ವಸ್ತು ಯಾವುದೇ ಇರಲಿ, ಮೂರು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು. ಅಕ್ಕನ ಜೊತೆ ಪುಟ್ಟ ತಮ್ಮನೂ ಬಂದು ಕೂರೋದು ಅಂಗನವಾಡಿಯಲ್ಲಿ ಮಾಮೂಲಿ. ನೀರಿನ ಬಾಟಲಿ ಮುಚ್ಚಳ, ಹುಣಸೆ ಬೀಜ, ಗುಂಡಿ ಇವನ್ನ ಐದು ದಾಟಿದವರಿಗೆ ಮಾತ್ರ, ಅದೂ ಎದುರು ಕೂತು ಕೊಡಬೇಕು. ಕೊಡುವಾಗ 10 ಎಣಿಸಿ ಕೊಟ್ಟು, ವಾಪಸ್ 10 ಎಣಿಸಿ ತಗೊಳ್ಳಿ. ಮಕ್ಕಳಿಗೂ ಎಣಿಕೆ ಆಯ್ತು, ಮೂಗು, ಕಿವಿಗೆ ಹೋಗಿಲ್ಲ ಅಂತ ನಮಗೂ ಖಾತ್ರಿ ಆಯ್ತು. ಮಗು ಏನಾದ್ರೂ ನುಂಗಿತು, ಉಸಿರು ಕಟ್ಟಿತು ಅಂದ್ರೆ ತಡ ಮಾಡದೆ 108ಕ್ಕೆ ಕರೆ ಮಾಡಿ.

ಅಂಗಡಿಯವರು ಏನು ಮಾಡಬಹುದು?

ಗಲ್ಲಾ ಕೆಳಗೆ ಒಂದು ರಟ್ಟಿನ ಬಾಕ್ಸ್ ಇಡಿ, ಅದಕ್ಕೆ ‘ಅಂಗನವಾಡಿ’ ಅಂತ ಬರೆಯಿರಿ. ದಿನಾ ಬರೋದರಲ್ಲಿ ಸ್ವಚ್ಛ ಇರೋದು, ಒಣಗಿರೋದು, ಚೂಪಿಲ್ಲದ್ದು ಅಷ್ಟನ್ನ ಅದರೊಳಗೆ ಹಾಕಿ. ಹತ್ತು ಥರದ್ದು ಒಂದೊಂದು ಕೊಡೋದಕ್ಕಿಂತ ಒಂದೇ ಥರದ್ದು ಮಕ್ಕಳ ಸಂಖ್ಯೆಯಷ್ಟು ಕೊಟ್ರೆ ಉಪಯೋಗ ಜಾಸ್ತಿ. ಒಂದೇ ಉರುಳೆ ಇದ್ರೆ ಜಗಳ, ಇಪ್ಪತ್ತು ಇದ್ರೆ ಪಾಠ.

ಕೊಡೋ ಮುಂಚೆ ಅಂಗನವಾಡಿ ಕಾರ್ಯಕರ್ತೆಯನ್ನ ಒಂದು ಮಾತು ಕೇಳಿ: ‘ಈ ವಾರ ಏನು ಬೇಕಮ್ಮ?’ ಎಷ್ಟೋ ಅಂಗನವಾಡಿ ನಡೀತಿರೋದೇ ಒಂದು ಕೋಣೆಯಲ್ಲಿ. ಅಲ್ಲೇ ಆಟ, ಅಲ್ಲೇ ಊಟ, ಅಲ್ಲೇ ದಾಖಲೆ ಪುಸ್ತಕ. ಬೇಡದ ಸಾಮಾನು ತುಂಬಿದ್ರೆ ಇಲಿ, ಜಿರಲೆ ಕಾಟ ಶುರುವಾಗುತ್ತೆ, ಅದನ್ನ ಗುಡಿಸೋ ಕೆಲಸವೂ ಅವರ ತಲೆಗೇ. ತೂಕ ನೋಡೋದು, ಮೊಬೈಲಲ್ಲಿ ಮಾಹಿತಿ ತುಂಬೋದು, ಮನೆ ಭೇಟಿ, ಸರ್ವೆ ಅಂತ ಅವರಿಗೆ ಈಗಾಗಲೇ ಕೈತುಂಬ ಕೆಲಸ. ಹಾಗಾಗಿ ಕತ್ತರಿಸಿ, ತೂತು ಹಾಕಿ, ಉಜ್ಜಿ ರೆಡಿ ಮಾಡಿ ಕೊಟ್ರೆ ಅದೇ ದೊಡ್ಡ ಉಪಕಾರ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇರುತ್ತೆ. ತಿಂಗಳಿಗೊಂದು ಮಧ್ಯಾಹ್ನ ಸಮಿತಿಯವರು, ತಾಯಂದಿರು ಕೂತು ಈ ಕೆಲಸ ಮಾಡಬಹುದು. ಹಾಗೆ ಬಂದ ತಾಯಿಗೆ ತನ್ನ ಮಗು ‘ಬರೀ ಆಟ’ದಲ್ಲಿ ಏನು ಕಲೀತಿದೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಕಣ್ಣಾರೆ ಕಾಣುತ್ತೆ.

ಇದರಿಂದ ಸರ್ಕಾರದ ಜವಾಬ್ದಾರಿ ಕಮ್ಮಿ ಆಗುತ್ತೆ ಅಂತ ಯಾರೂ ತಿಳಿಯಬಾರದು. ಕಟ್ಟಡ, ಶೌಚಾಲಯ, ಕಾರ್ಯಕರ್ತೆಯರ ಗೌರವಧನ, ಹೊತ್ತಿಗೆ ಸರಿಯಾಗಿ ಕಿಟ್, ಇವು ಸರ್ಕಾರವೇ ಕೊಡಬೇಕು, ಕೊಡೋವರೆಗೂ ಕೇಳಬೇಕು. ರಟ್ಟಿನ ಬಾಕ್ಸ್ ಸೋರೋ ಸೂರಿಗೆ ಪರಿಹಾರ ಅಲ್ಲ. ಆದ್ರೆ ಇವತ್ತು ಮೂರು ವರ್ಷದ ಮಗು ಕಿಟ್ ಬರೋವರೆಗೂ ಮೂರು ವರ್ಷದ್ದೇ ಆಗಿ ಕಾಯ್ತಾ ಕೂರಲ್ಲ. ನಿಮ್ಮ ಅಂಗಡಿಗೆ ಹತ್ತಿರದ ಅಂಗನವಾಡಿ ಯಾವುದು, ಅಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ನಾಳೆ ಬೆಳಿಗ್ಗೆ ಒಂದು ಸಲ ವಿಚಾರಿಸಿ. ಮೊಟ್ಟೆ ಟ್ರೇ ಎಷ್ಟು ಬೇಕು ಅನ್ನೋ ಲೆಕ್ಕ ಆಗ ಸಿಗುತ್ತೆ.